ವ್ಯಾಟ್ ಹೆಚ್ಚಿದ್ದರೆ ಸಾಕೇ? ಹಳೆ ವ್ಯಾಕ್ಯೂಮ್ ಕ್ಲೀನರ್ ಬದಲಿಸುವ ಮುನ್ನ

ಮಾಲೂರಿನ ಓದುಗರೊಬ್ಬರು ಕಳೆದ ಬೇಸಿಗೆಯಲ್ಲಿ ನಮಗೊಂದು ಪ್ರಶ್ನೆ ಕಳಿಸಿದ್ದರು. ಮನೆಯಲ್ಲಿ ಉಬ್ಬಸ ಇರುವ ಅಮ್ಮ. ಒಂಬತ್ತು ವರ್ಷ ಹಳೆಯ ವ್ಯಾಕ್ಯೂಮ್ ಕ್ಲೀನರ್. ಅದು ಈಗ ಮೊದಲಿಗಿಂತ ಜೋರಾಗಿ ಕೂಗುತ್ತದೆ, ಆದರೆ ಸೋಫಾ ಮೇಲಿನ ಧೂಳನ್ನೂ ಎಳೆಯುವುದಿಲ್ಲ. ಹತ್ತು ನಿಮಿಷಕ್ಕೆ ತಾನಾಗಿಯೇ ನಿಂತುಬಿಡುತ್ತದೆ. ಅಂಗಡಿಯವರು "ಮೋಟಾರ್ ಹೋಗಿದೆ ಸಾರ್, ಎರಡು ಸಾವಿರ ವ್ಯಾಟ್‌ದು ತಗೊಳ್ಳಿ" ಅಂದರಂತೆ. ಅಮ್ಮ ಮಾತ್ರ "ಮಿಷನ್ ಹಾಕಿದ ದಿನವೇ ನನಗೆ ಕೆಮ್ಮು ಜಾಸ್ತಿ" ಅನ್ನುತ್ತಾರಂತೆ. ಯಾರ ಮಾತು ಸರಿ?

ನಮ್ಮ ಪ್ರಕಾರ ಅಮ್ಮನ ಮಾತಿನಲ್ಲೇ ಹೆಚ್ಚು ವಿಜ್ಞಾನವಿದೆ. ಏಕೆಂದು ನೋಡೋಣ.

ಹಳೆಯ ಯಂತ್ರ ನಿಜವಾಗಿ ಕೆಟ್ಟಿದೆಯೇ?

ಹೊಸದಕ್ಕೆ ದುಡ್ಡು ಹಾಕುವ ಮೊದಲು ಹತ್ತು ನಿಮಿಷ ಹಳೆಯದನ್ನು ಪರೀಕ್ಷಿಸಿ. ವ್ಯಾಕ್ಯೂಮ್ ಕ್ಲೀನರ್‌ನ ಒಳಗೆ ಇರುವುದು ವೇಗವಾಗಿ ತಿರುಗುವ ಒಂದು ಫ್ಯಾನು. ಅದು ಗಾಳಿಯನ್ನು ಹಿಂದಕ್ಕೆ ತಳ್ಳಿದಾಗ ಮುಂದೆ ಒತ್ತಡ ಕಡಿಮೆಯಾಗುತ್ತದೆ. ಆಗ ಹೊರಗಿನ ಗಾಳಿ ಧೂಳನ್ನೂ ಎಳೆದುಕೊಂಡು ಒಳಗೆ ನುಗ್ಗುತ್ತದೆ. ಒಳಗೆ ಬಂದ ಗಾಳಿ ಫಿಲ್ಟರ್ ದಾಟಿ ಹೊರಗೆ ಹೋಗಬೇಕು. ಬಹಳಷ್ಟು ಮನೆಬಳಕೆಯ ಯಂತ್ರಗಳಲ್ಲಿ ಮೋಟಾರನ್ನು ತಣ್ಣಗೆ ಇಡುವುದೂ ಇದೇ ಗಾಳಿ.

ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡರೆ ಏನಾಗುತ್ತದೆ? ಫ್ಯಾನಿಗೆ ತಳ್ಳಲು ಗಾಳಿಯೇ ಸಿಗುವುದಿಲ್ಲ. ಹೊರೆ ಕಡಿಮೆಯಾಗಿ ಮೋಟಾರು ಇನ್ನೂ ವೇಗವಾಗಿ ತಿರುಗುತ್ತದೆ, ಕೂಗು ಏರುತ್ತದೆ. ತಂಪು ಗಾಳಿ ಇಲ್ಲದೆ ಕಾಯುತ್ತದೆ. ಸುರಕ್ಷತೆಗೆಂದು ಇಟ್ಟಿರುವ ಶಾಖದ ಸ್ವಿಚ್ಚು ಯಂತ್ರವನ್ನು ನಿಲ್ಲಿಸುತ್ತದೆ. ಜೋರು ಕೂಗು, ಎಳೆತವಿಲ್ಲ, ಹತ್ತು ನಿಮಿಷಕ್ಕೆ ನಿಲುಗಡೆ: ಮಾಲೂರಿನ ಓದುಗರು ಹೇಳಿದ ಮೂರೂ ಲಕ್ಷಣ ಇವೇ. ಇದು ಮೋಟಾರು ಹೋದದ್ದಕ್ಕಿಂತ ಗಾಳಿಯ ದಾರಿ ಕಟ್ಟಿಕೊಂಡದ್ದರ ಗುರುತು.

ಪ್ಲಗ್ ಕಿತ್ತು ಪೈಪು ತೆಗೆಯಿರಿ. ಪೈಪಿನ ಒಂದು ತುದಿಯಿಂದ ನಾಣ್ಯವೊಂದನ್ನು ಹಾಕಿ, ಇನ್ನೊಂದು ತುದಿಯಿಂದ ಬೀಳುತ್ತದೆಯೇ ನೋಡಿ. ಚೀಲ ಖಾಲಿ ಮಾಡಿ, ಫಿಲ್ಟರ್ ತೆಗೆದು ಮನೆಯ ಹೊರಗೆ ಕೊಡವಿ. ತೊಳೆಯಬಹುದಾದ ಫಿಲ್ಟರ್ ಆಗಿದ್ದರೆ ತೊಳೆದು, ಪೂರ್ತಿ ಒಂದು ದಿನ ಒಣಗಿಸಿ. ಒದ್ದೆ ಫಿಲ್ಟರ್ ಹಾಕಿದರೆ ಬೂಸ್ಟು ಹಿಡಿಯುತ್ತದೆ, ಮೋಟಾರಿಗೂ ಪೆಟ್ಟು. ಇಷ್ಟಾದ ಮೇಲೆ ಪೈಪಿಲ್ಲದೆ ಯಂತ್ರದ ಬಾಯಿಗೆ ಅಂಗೈ ಇಟ್ಟಾಗ ಎಳೆತ ಬಲವಾಗಿದ್ದರೆ ಮೋಟಾರು ಬದುಕಿದೆ.

ಕಿಡಿ ಹಾರಿ ಸುಟ್ಟ ವಾಸನೆ ಬಂದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಕೀರಲು ಸದ್ದು ಬಂದರೆ ಬೇರಿಂಗ್ ಹೋಗಿರಬಹುದು. ತಂತಿ ಇರುವ ಬಹುಪಾಲು ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಇರುವುದು ಮಿಕ್ಸಿಯಲ್ಲಿರುವ ಜಾತಿಯದೇ ಮೋಟಾರು. ಹಾಗಾಗಿ ಬೋರ್‌ವೆಲ್ ಪಂಪಿನ ವೈಂಡಿಂಗ್ ಅಂಗಡಿಗಿಂತ ಮಿಕ್ಸಿ ರಿಪೇರಿ ಮಾಡುವವರಿಗೆ ಇದರ ಕಾರ್ಬನ್ ಬದಲಿಸುವುದು ಸುಲಭ. ಮೋಟಾರಿನ ವೈಂಡಿಂಗೇ ಸುಟ್ಟಿದ್ದರೆ, ಅಥವಾ ಹೊರಮೈ ಒಡೆದು ಗಾಳಿ ಸೋರುತ್ತಿದ್ದರೆ, ಆಗ ಹೊಸದರ ಯೋಚನೆ ಮಾಡಿ.

ವ್ಯಾಟ್ ಹೆಚ್ಚಾದರೆ ಎಳೆತ ಹೆಚ್ಚೇ?

ಇದೇ ಅತಿ ದೊಡ್ಡ ತಪ್ಪು ತಿಳಿವಳಿಕೆ. ಡಬ್ಬದ ಮೇಲೆ ಬರೆದಿರುವ ವ್ಯಾಟ್ ಯಂತ್ರ ಎಷ್ಟು ಕರೆಂಟು ತಿನ್ನುತ್ತದೆ ಎಂದು ಹೇಳುತ್ತದೆ, ಎಷ್ಟು ಧೂಳು ತೆಗೆಯುತ್ತದೆ ಎಂದಲ್ಲ. ಎರಡು ಸಂಸಾರ ಒಂದೇ ಸಂಬಳದಲ್ಲಿ ಬೇರೆ ಬೇರೆ ರೀತಿ ಬದುಕುವ ಹಾಗೆ, ಒಂದೇ ವ್ಯಾಟ್‌ನಲ್ಲಿ ಎರಡು ಯಂತ್ರಗಳ ಕೆಲಸ ಬಹಳ ಬೇರೆಯಾಗಿರಬಹುದು. ಫ್ಯಾನಿನ ವಿನ್ಯಾಸ, ಪೈಪಿನ ಅಗಲ, ತುದಿಯ ಬ್ರಷ್ಷು, ಎಲ್ಲೆಲ್ಲಿ ಗಾಳಿ ಸೋರುತ್ತದೆ ಎಂಬುದು, ಇವೆಲ್ಲ ಸೇರಿ ಎಳೆತ ತೀರ್ಮಾನವಾಗುತ್ತದೆ.

ಐರೋಪ್ಯ ಒಕ್ಕೂಟ ಇದನ್ನು ಕಾನೂನಾಗಿಯೇ ಮಾಡಿತು. ಅಲ್ಲಿ 2014ರ ಸೆಪ್ಟೆಂಬರ್‌ನಿಂದ 1600 ವ್ಯಾಟ್‌ಗಿಂತ, 2017ರ ಸೆಪ್ಟೆಂಬರ್‌ನಿಂದ 900 ವ್ಯಾಟ್‌ಗಿಂತ ಹೆಚ್ಚಿನ ಮನೆಬಳಕೆಯ ಯಂತ್ರಗಳನ್ನು ಮಾರುಕಟ್ಟೆಗೆ ತರುವಂತಿಲ್ಲ. ಜೊತೆಗೆ ಯಂತ್ರ ಎಷ್ಟು ಧೂಳು ತೆಗೆಯಬೇಕು ಎಂಬುದಕ್ಕೂ ಕನಿಷ್ಠ ಮಟ್ಟ ಇಟ್ಟರು. ಹೆಚ್ಚು ವ್ಯಾಟ್ ಇಲ್ಲದೆಯೂ ಕೆಲಸ ಆಗುತ್ತದೆ ಎಂಬ ನಂಬಿಕೆಯೇ ಇದರ ಹಿಂದಿದ್ದದ್ದು.

ಇದೇ ಕಾಲದ ಇನ್ನೊಂದು ಪ್ರಕರಣ ನಮಗೆ ಇನ್ನೂ ಮುಖ್ಯ. ಅಲ್ಲಿ ಯಂತ್ರಗಳಿಗೆ ಅಂಟಿಸುತ್ತಿದ್ದ ಶಕ್ತಿ ಲೇಬಲ್ಲನ್ನು ಡೈಸನ್ ಕಂಪನಿ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಪರೀಕ್ಷೆಯನ್ನು ಧೂಳಿನ ಚೀಲ ಖಾಲಿ ಇರುವಾಗ ಮಾಡುತ್ತಾರೆ, ಮನೆಯಲ್ಲಿ ಯಾರೂ ಹಾಗೆ ಬಳಸುವುದಿಲ್ಲ ಎಂಬುದು ವಾದ. 2018ರ ನವೆಂಬರ್‌ನಲ್ಲಿ ನ್ಯಾಯಾಲಯ ಅದನ್ನು ಒಪ್ಪಿ ಲೇಬಲ್ ನಿಯಮವನ್ನು ರದ್ದು ಮಾಡಿತು. ಅಂಗಡಿಯಲ್ಲಿ ಹೊಸ ಯಂತ್ರ ಮೇಜಿನ ಮೇಲಿನ ಕಾಗದದ ಚೂರುಗಳನ್ನು ಎಳೆದು ತೋರಿಸುವಾಗ ಇದನ್ನು ನೆನಪಿಡಿ. ಖಾಲಿ ಚೀಲದಲ್ಲಿ ಎಲ್ಲವೂ ಚೆನ್ನಾಗಿಯೇ ಎಳೆಯುತ್ತವೆ.

ಕೆಲವು ಕಂಪನಿಗಳು ಎಳೆತವನ್ನು ಕಿಲೋಪಾಸ್ಕಲ್‌ನಲ್ಲಿ ಬರೆಯುತ್ತವೆ. ಇದು ವ್ಯಾಟ್‌ಗಿಂತ ವಾಸಿ. ಆದರೆ ಅದನ್ನು ಅಳೆಯುವುದು ಬಾಯಿ ಪೂರ್ತಿ ಮುಚ್ಚಿದಾಗ, ಅಂದರೆ ಗಾಳಿ ಹರಿಯದೇ ಇರುವಾಗ. ಧೂಳನ್ನು ಹೊತ್ತು ತರುವುದು ಹರಿಯುವ ಗಾಳಿ. ಆದ್ದರಿಂದ ಎಳೆತ ಮತ್ತು ಗಾಳಿಯ ಹರಿವು ಎರಡನ್ನೂ ಕೇಳಿ. ಎರಡೂ ಸೇರಿದ ಲೆಕ್ಕವನ್ನು ಏರ್‌ವ್ಯಾಟ್ ಎನ್ನುತ್ತಾರೆ.

ಹೆಚ್ಚು ವ್ಯಾಟ್‌ಗೆ ಇನ್ನೊಂದು ತೊಂದರೆಯಿದೆ. ನಮ್ಮ ಮನೆಗಳ ಸಣ್ಣ ಪ್ಲಗ್ ಪಾಯಿಂಟ್ 6 ಆಂಪಿಯರ್‌ನದು. 230 ವೋಲ್ಟ್‌ನಿಂದ ಗುಣಿಸಿದರೆ 1380 ವ್ಯಾಟ್. ಅದಕ್ಕಿಂತ ದೊಡ್ಡ ಯಂತ್ರಕ್ಕೆ ಗೀಸರ್‌ಗೆ ಬಳಸುವಂಥ 16 ಆಂಪಿಯರ್ ಪಾಯಿಂಟ್ ಬೇಕು. ಅದು ಹಾಲ್‌ನಲ್ಲಿ ಇರುವುದು ಅಪರೂಪ. ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ತಂತಿ ಕಾಯುತ್ತದೆ. ಕರೆಂಟು ಹೋದಾಗ ಲೈಟು, ಫ್ಯಾನಿಗೆಂದು ಹಾಕಿಸಿದ ಇನ್ವರ್ಟರ್ ಇಂಥ ಯಂತ್ರವನ್ನು ಎಳೆಯಲಾರದು.

ನಮ್ಮ ಧೂಳು ಎಂಥದು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಬೇಸಿಗೆಯಲ್ಲಿ ಕೆರೆಯಂಗಳವೂ ಹೊಲವೂ ಒಣಗಿ ಕೆಮ್ಮಣ್ಣು ಏಳುತ್ತದೆ. ಮಾಲೂರಿನಲ್ಲಿ ಹೆಂಚು, ಇಟ್ಟಿಗೆ ಕಾರ್ಖಾನೆಗಳು. ಟೇಕಲ್ ಸುತ್ತ ಕಲ್ಲಿನ ಕೆಲಸ. ಮುಳಬಾಗಿಲಿನಲ್ಲಿ ಹೆದ್ದಾರಿ. ಶ್ರೀನಿವಾಸಪುರದ ಮಾವಿನ ತೋಟಗಳ ನಡುವಿನ ಮಣ್ಣಿನ ದಾರಿಗಳಲ್ಲಿ ಒಂದು ಟ್ರ್ಯಾಕ್ಟರ್ ಹೋದರೆ ಸಾಕು.

ಈ ಧೂಳಿನ ದೊಡ್ಡ ಕಣಗಳು ನೆಲಕ್ಕೆ ಬೀಳುತ್ತವೆ, ಕಣ್ಣಿಗೆ ಕಾಣುತ್ತವೆ. ಅಪಾಯ ಇರುವುದು ಕಾಣದ ಕಣಗಳಲ್ಲಿ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನ್‌ಗಿಂತ ಸಣ್ಣ ಕಣ ಉಸಿರಿನ ಜೊತೆ ಒಳಗೆ ಹೋಗುತ್ತದೆ. 2.5 ಮೈಕ್ರಾನ್‌ಗಿಂತ ಸಣ್ಣದು ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ.

ಕಲ್ಲಿನ ಧೂಳು ಏನು ಮಾಡಬಲ್ಲದು ಎಂಬುದನ್ನು ನಮ್ಮ ಜಿಲ್ಲೆ ದೇಶಕ್ಕೇ ತೋರಿಸಿಕೊಟ್ಟಿದೆ. ಸಿಲಿಕಾ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ ಎಂದು ವೈದ್ಯಕೀಯ ಪಠ್ಯಗಳು ದಾಖಲಿಸುತ್ತವೆ. 1997ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೆಲಸದ ಜಾಗದಲ್ಲಿ ಉಸಿರಿನೊಳಗೆ ಹೋಗುವ ಸ್ಫಟಿಕ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಹಾಗೆಂದು ಹೆದರಬೇಡಿ. ಸಿಲಿಕೋಸಿಸ್ ವರ್ಷಗಟ್ಟಲೆ ಅಂಥ ಕೆಲಸ ಮಾಡುವವರ ಕಾಯಿಲೆ. ಮನೆಯ ಕಿಟಕಿಯ ಮೇಲಿನ ಧೂಳು ಗಣಿಯ ಧೂಳಲ್ಲ. ಆದರೆ ಉಬ್ಬಸ, ಅಲರ್ಜಿ ಇರುವವರಿಗೆ ಯಾವ ಸಣ್ಣ ಧೂಳೂ ಕಿರಿಕಿರಿಯೇ. ಮನೆಯಲ್ಲಿ ಯಾರಾದರೂ ಕ್ವಾರಿ, ಕ್ರಷರ್, ಕಲ್ಲು ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದರೆ ಅವರ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ, ಬೇರೆಯಾಗಿಯೇ ಒಗೆಯಿರಿ. ಇದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ.

ಅಮ್ಮ ಕೆಮ್ಮುವುದು ಏಕೆ?

ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಧೂಳು ಹೀರುವ ಯಂತ್ರ ಮಾಡುವ ಮೊದಲು ಒಂದು ಪ್ರಯೋಗ ಮಾಡಿದ್ದರಂತೆ. ಹೋಟೆಲಿನ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ, ಬಾಯಿಂದ ಜೋರಾಗಿ ಉಸಿರೆಳೆದರು. ಕೆಮ್ಮು ಬಂತು, ಆದರೆ ಬಟ್ಟೆಯ ಅಡಿಯಲ್ಲಿ ಧೂಳು ಅಂಟಿತ್ತು. ಯಂತ್ರದ ಗುಟ್ಟು ಇಲ್ಲೇ ಇದೆ: ಉಸಿರು ಧೂಳನ್ನು ಎಳೆಯುತ್ತದೆ, ಹಿಡಿದಿಡುವುದು ಬಟ್ಟೆ.

ಬಟ್ಟೆಯ ಚೀಲ ಮಾತ್ರ ಇರುವ ಹಳೆ ಯಂತ್ರಗಳು ಕೂದಲು, ಕಾಳು, ಮರಳನ್ನು ಹಿಡಿಯುತ್ತವೆ. ಅತಿ ಸಣ್ಣ ಕಣಗಳು ಬಟ್ಟೆಯ ರಂಧ್ರ ದಾಟಿ ಹಿಂದಿನಿಂದ ರಭಸವಾಗಿ ಹೊರಬರುತ್ತವೆ. ನೆಲದಲ್ಲಿ ಸುಮ್ಮನೆ ಬಿದ್ದಿದ್ದ ಧೂಳು ಮೂಗಿನ ಎತ್ತರಕ್ಕೆ ಏರುತ್ತದೆ. ಅಮ್ಮ ಹೇಳಿದ್ದು ಇದನ್ನೇ. ಇಂಥ ಯಂತ್ರದಲ್ಲಿ ವ್ಯಾಟ್ ಹೆಚ್ಚಿಸಿದರೆ ಕಾಣದ ಧೂಳನ್ನು ಇನ್ನೂ ಜೋರಾಗಿ ಎರಚಿದ ಹಾಗೆ.

ಇದನ್ನು ತಡೆಯುವುದು ಹೆಪಾ ಫಿಲ್ಟರ್. ಅಮೆರಿಕದ ಮಾನದಂಡದಂತೆ ಹೆಪಾ ಎನಿಸಿಕೊಳ್ಳಬೇಕಾದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯಬೇಕು. ಅಂದರೆ 10,000 ಕಣ ಬಂದರೆ ದಾಟುವುದು ಮೂರೇ. ಯುರೋಪಿನ ಎಚ್13 ದರ್ಜೆಯಲ್ಲಿ ಐದು ದಾಟಬಹುದು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 12ರ ದರ್ಜೆಯಲ್ಲಿ ಐವತ್ತು.

ಇಲ್ಲಿ ಎರಡು ಎಚ್ಚರಿಕೆ. ಒಂದು, "ಹೆಪಾ ಟೈಪ್", "ಹೆಪಾ ಮಾದರಿ" ಎಂದು ಬರೆದಿದ್ದರೆ ಅದು ಹೆಪಾ ಎಂದು ಅರ್ಥವಲ್ಲ. ಎಚ್13 ಎಂಬ ದರ್ಜೆಯೋ ಮೈಕ್ರಾನ್ ಮತ್ತು ಶೇಕಡಾ ಲೆಕ್ಕವೋ ಬರೆದಿರಬೇಕು. ಎರಡು, ಫಿಲ್ಟರ್ ಎಷ್ಟೇ ಒಳ್ಳೆಯದಾದರೂ ಮುಚ್ಚಳದ ಸಂದಿನಿಂದ ಶೇ. 5ರಷ್ಟು ಗಾಳಿ ಫಿಲ್ಟರಿಗೆ ಹೋಗದೇ ಸೋರಿದರೆ, 10,000ದಲ್ಲಿ 500 ಕಣ ಹಾಗೆಯೇ ಹೊರಗೆ. ಫಿಲ್ಟರ್ ಕೂರುವ ಜಾಗದಲ್ಲಿ ರಬ್ಬರ್ ಪಟ್ಟಿ ಇದೆಯೇ, ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ ಎಂದು ಕೈಯಿಂದಲೇ ಪರೀಕ್ಷಿಸಿ.

ಮನೆಯಲ್ಲಿರುವ ಯಂತ್ರವನ್ನು ಹೀಗೆ ನೋಡಬಹುದು: ರಾತ್ರಿ ಕೋಣೆಯ ಲೈಟು ಆರಿಸಿ, ಗಾಳಿ ಹೊರಬರುವ ಕಡೆ ಟಾರ್ಚ್ ಬಿಡಿ. ಯಂತ್ರ ಶುರು ಮಾಡಿದಾಗ ಬೆಳಕಿನಲ್ಲಿ ಧೂಳು ಮಿನುಗುತ್ತಾ ಹೊಮ್ಮಿದರೆ ಸೋರಿಕೆ ಇದೆ. ಅತಿ ಸಣ್ಣ ಕಣ ಇದರಲ್ಲಿ ಕಾಣುವುದಿಲ್ಲ, ಹಾಗಾಗಿ ಇದು ಒರಟು ಪರೀಕ್ಷೆ ಅಷ್ಟೇ.

ಚೀಲವೋ, ಡಬ್ಬಿಯೋ, ನೀರೋ?

ಬಿಸಾಡುವ ಕಾಗದದ ಅಥವಾ ನಾರಿನ ಚೀಲ ಇರುವ ಯಂತ್ರದಲ್ಲಿ ಧೂಳು ಚೀಲದ ಜೊತೆಯೇ ಕಸಕ್ಕೆ ಹೋಗುತ್ತದೆ. ಉಬ್ಬಸದವರಿರುವ ಮನೆಗೆ ಇದು ಒಳ್ಳೆಯದು. ಆದರೆ ಚೀಲ ಕೊಳ್ಳುತ್ತಲೇ ಇರಬೇಕು. ಪಾರದರ್ಶಕ ಡಬ್ಬಿಯವಕ್ಕೆ ಆ ಖರ್ಚಿಲ್ಲ, ಆದರೆ ಖಾಲಿ ಮಾಡುವಾಗ ಧೂಳು ಮುಖಕ್ಕೇ ಏಳುತ್ತದೆ. ಆ ಕೆಲಸ ಉಬ್ಬಸವಿಲ್ಲದವರು, ಮಾಸ್ಕ್ ಹಾಕಿಕೊಂಡು, ಹೊರಗೆ ಮಾಡಲಿ.

ನೀರಿನ ಫಿಲ್ಟರ್ ಯಂತ್ರಗಳನ್ನು ಮನೆಗೇ ಬಂದು ತೋರಿಸಿ ಮಾರುವವರಿದ್ದಾರೆ. ನೀರು ಕೆಸರಾಗುವುದನ್ನು ಕಂಡು ಎಲ್ಲರಿಗೂ ನಂಬಿಕೆ ಬರುತ್ತದೆ. ಕೆಸರಾದ ನೀರು ಸಿಕ್ಕಿಬಿದ್ದ ಧೂಳನ್ನು ತೋರಿಸುತ್ತದೆ, ತಪ್ಪಿಸಿಕೊಂಡದ್ದನ್ನಲ್ಲ. ಗುಳ್ಳೆಯೊಳಗೆ ಕೂತ ಸಣ್ಣ ಕಣ ನೀರನ್ನು ಮುಟ್ಟದೆಯೇ ದಾಟಬಹುದು, ಹಾಗಾಗಿ ಇಂಥದ್ದರಲ್ಲೂ ಕೊನೆಗೊಂದು ಹೆಪಾ ಬೇಕು. ಮೇಲಾಗಿ ಪ್ರತಿ ಸಲ ತೊಳೆದು ಒಣಗಿಸಬೇಕು. ಟ್ಯಾಂಕರ್ ನೀರಿಗೆ ಕಾಯುವ ಮನೆಗೆ ಇದು ಹೊಂದುವುದು ಕಷ್ಟ.

ಬ್ಯಾಟರಿಯ ಕೈಯಂತ್ರಗಳು ಕಾರು, ಸೋಫಾ, ಮೆಟ್ಟಿಲಿಗೆ ಅನುಕೂಲ. ಆದರೆ ಲಿಥಿಯಂ ಬ್ಯಾಟರಿ ವರ್ಷಗಳು ಕಳೆದಂತೆ ಸೊರಗುತ್ತದೆ. ಬ್ಯಾಟರಿಯನ್ನು ಬಿಚ್ಚಿ ಹೊಸದು ಹಾಕಬಹುದೇ, ಅದರ ಬೆಲೆ ಎಷ್ಟು ಎಂದು ಮೊದಲೇ ಕೇಳಿ. ಬಿಚ್ಚಲಾಗದಿದ್ದರೆ ಬ್ಯಾಟರಿಯ ಆಯಸ್ಸೇ ಯಂತ್ರದ ಆಯಸ್ಸು.

ಬಾಳಿಕೆಯ ಲೆಕ್ಕ

ಐರೋಪ್ಯ ಒಕ್ಕೂಟದ ಅದೇ ನಿಯಮದಲ್ಲಿ ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು, ಪೈಪು 40,000 ಬಾರಿ ಬಾಗಿದರೂ ಹರಿಯಬಾರದು ಎಂದಿದೆ. 500 ಗಂಟೆ ಅಂದರೆ ಎಷ್ಟು? ದಿನಕ್ಕೆ 20 ನಿಮಿಷ ಬಳಸಿದರೆ 1500 ದಿನ, ನಾಲ್ಕು ವರ್ಷ ಚಿಲ್ಲರೆ. ವಾರಕ್ಕೆ ಒಂದು ಗಂಟೆಯಾದರೆ ಒಂಬತ್ತು ವರ್ಷ ದಾಟುತ್ತದೆ. ಹಾಗಾಗಿ "ನಮ್ಮದು ಹತ್ತು ವರ್ಷ ಬಂತು" ಎಂಬ ಮಾತಿಗೆ, ಎಷ್ಟು ಬಳಸಿದಿರಿ ಎಂದು ಕೇಳದೆ ಅರ್ಥವಿಲ್ಲ.

ಮೋಟಾರಿಗಿಂತ ಮೊದಲು ಕೈಕೊಡುವುದು ಸಾಮಾನ್ಯವಾಗಿ ಸಣ್ಣ ವಸ್ತುಗಳು: ಪೈಪು, ಚೀಲ, ಫಿಲ್ಟರ್, ತುದಿಯ ಬ್ರಷ್ಷು. ವಾರಂಟಿ ಬಹಳ ಸಲ ಇವನ್ನು ಒಳಗೊಂಡಿರುವುದಿಲ್ಲ. ಆದ್ದರಿಂದ ನಂಬಿಕಸ್ಥ ಯಂತ್ರ ಅಂದರೆ ಬಿಡಿಭಾಗ ಸಿಗುವ ಯಂತ್ರ. ಕೊಳ್ಳುವ ಮೊದಲು ಕಂಪನಿಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ: ಕೋಲಾರ 563101, ಮಾಲೂರು 563130, ಮುಳಬಾಗಿಲು 563131, ಶ್ರೀನಿವಾಸಪುರ 563135. ಮನೆಗೆ ಬಂದು ರಿಪೇರಿ ಮಾಡುತ್ತಾರೆಯೇ, ಕೋಲಾರಕ್ಕೆ ಒಯ್ಯಬೇಕೇ, ಬೆಂಗಳೂರಿಗೇ ಹೋಗಬೇಕೇ ಎಂದು ಕೇಳಿ. ಮಾಲೂರಿನವರಿಗೆ ಬೆಂಗಳೂರು ಹತ್ತಿರ, ಮುಳಬಾಗಿಲು ಮತ್ತು ಶ್ರೀನಿವಾಸಪುರದವರಿಗೆ ಒಂದು ದಿನದ ಕೆಲಸ ಕೆಟ್ಟಂತೆ. ಕೊಳ್ಳುವ ದಿನವೇ ಎರಡು ಫಿಲ್ಟರ್ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ. ಆಗಲೂ ಸಿಗದಿದ್ದರೆ ಎರಡು ವರ್ಷದ ಮೇಲೆ ಖಂಡಿತ ಸಿಗುವುದಿಲ್ಲ.

ಬಿಲ್ಲು ತಪ್ಪದೇ ತೆಗೆದುಕೊಳ್ಳಿ. ವಾರಂಟಿಯೊಳಗೆ ಕೆಟ್ಟು, ಕಂಪನಿ ಸ್ಪಂದಿಸದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಯಂತ್ರವನ್ನು ಆನ್‌ಲೈನ್‌ನಲ್ಲಿ ಎಲ್ಲಿಂದ ತರಿಸಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಅಂದರೆ ಕೋಲಾರದಲ್ಲೇ ದೂರು ಕೊಡಬಹುದು.

ಯಂತ್ರಕ್ಕೆ ಉಣಿಸಬಾರದ ಧೂಳು

ರಂಗೋಲಿ ಪುಡಿ, ರೇಷ್ಮೆ ಮನೆಯ ಸುಣ್ಣದ ಪುಡಿ, ಸಿಮೆಂಟು, ಗೋಡೆ ಉಜ್ಜಿದ ಪುಟ್ಟಿ: ಇವು ಕೆಲವೇ ನಿಮಿಷದಲ್ಲಿ ಫಿಲ್ಟರ್ ಕಟ್ಟಿಸುತ್ತವೆ. ಇವನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ. ಒಲೆಯ ಬೂದಿಯಲ್ಲಿ ಕೆಂಡ ಅಡಗಿದ್ದರೆ ಚೀಲಕ್ಕೇ ಬೆಂಕಿ. ಒಣ ಧೂಳಿನ ಯಂತ್ರಕ್ಕೆ ನೀರು ಹೋದರೆ ಶಾಕ್ ಹೊಡೆಯಬಹುದು.

ನಿಜವಾಗಿಯೂ ಬೇಕೇ?

ನಮ್ಮ ಮನೆಗಳಲ್ಲಿ ಕಾರ್ಪೆಟ್ ಕಡಿಮೆ. ರೆಡ್ ಆಕ್ಸೈಡ್, ಗ್ರಾನೈಟ್, ಟೈಲ್ಸ್ ನೆಲಕ್ಕೆ ಒದ್ದೆ ಬಟ್ಟೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದು ಧೂಳನ್ನು ಏಳಿಸದೆ ಹಿಡಿಯುತ್ತದೆ. ಒಣ ಪೊರಕೆ ಧೂಳನ್ನು ಏಳಿಸುತ್ತದೆ. ವ್ಯಾಕ್ಯೂಮ್ ಕ್ಲೀನರ್ ಗೆಲ್ಲುವುದು ಒರೆಸಲಾಗದ ಕಡೆ: ಸೋಫಾ, ಕಿಟಕಿಯ ಮೆಶ್ಶು, ಕರ್ಟನ್, ಕಾರು. ಹಾಸಿಗೆಯೊಳಗಿನ ಧೂಳುಹುಳಗಳನ್ನು ಅದು ಪೂರ್ತಿ ತೆಗೆಯಲಾರದು, ಅವು ನಾರನ್ನು ಕಚ್ಚಿ ಹಿಡಿದಿರುತ್ತವೆ. ವಾರಕ್ಕೊಮ್ಮೆ ಹಾಸು, ಹೊದಿಕೆ, ದಿಂಬಿನ ಕವರುಗಳನ್ನು 60 ಡಿಗ್ರಿಯಷ್ಟು ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದೇ ಮೇಲು. ಯಾವ ಯಂತ್ರವೂ ಉಬ್ಬಸದ ಔಷಧಿಯಲ್ಲ. ಮಿಷನ್ ತಂದೆವೆಂದು ಇನ್ಹೇಲರ್ ನಿಲ್ಲಿಸಬೇಡಿ.

ಮಾಲೂರಿನ ಓದುಗರು ಪೈಪಿನೊಳಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಕವರ್ ತೆಗೆದ ಮೇಲೆ ಯಂತ್ರ ಮತ್ತೆ ಓಡಿತು. ಮೋಟಾರು ಹೋಗಿರಲಿಲ್ಲ. ಆದರೆ ಟಾರ್ಚ್ ಬೆಳಕಿನಲ್ಲಿ ಹಿಂದಿನಿಂದ ಧೂಳು ಹೊಮ್ಮುವುದು ಕಂಡಿತಂತೆ. ಅದಕ್ಕೆ ನಾವು ಹೇಳಿದ್ದು ಇಷ್ಟು: ಹಳೆಯದು ಕಾರಿಗೆ, ಹೊರಾಂಗಣಕ್ಕೆ ಇರಲಿ. ಮನೆಯೊಳಗೆ ಎಚ್13 ಫಿಲ್ಟರ್, ಬಿಗಿ ಮುಚ್ಚಳ, ಬಿಸಾಡುವ ಚೀಲ ಇರುವ, ಸಣ್ಣ ಪ್ಲಗ್ಗಿಗೆ ಹೊಂದುವ ಯಂತ್ರ ಸಾಕು. ಅದನ್ನು ಓಡಿಸುವಾಗ ಅಮ್ಮ ಬೇರೆ ಕೋಣೆಯಲ್ಲಿರಲಿ, ಕಿಟಕಿ ತೆರೆದಿರಲಿ, ಸ್ವಲ್ಪ ಹೊತ್ತಿನ ಮೇಲೆ ಬರಲಿ. ಮುಂದೆಂದಾದರೂ ಹಳೆಯದನ್ನು ಬಿಡುವಾಗ ಕಸದ ಗಾಡಿಗೆ ಹಾಕಬೇಡಿ. ಅದು ಇ-ತ್ಯಾಜ್ಯ, ಅಧಿಕೃತ ಸಂಗ್ರಹ ಕೇಂದ್ರಕ್ಕೇ ಕೊಡಿ.

ಮತ್ತೆ ಅಂಗಡಿಗೆ ಹೋದಾಗ "ಎಷ್ಟು ವ್ಯಾಟ್?" ಎಂದು ಕೇಳುವ ಮೊದಲು "ಒಳಗೆ ಹೋದ ಧೂಳು ಒಳಗೇ ಇರುತ್ತದಾ? ಇದರ ಫಿಲ್ಟರ್ ನಮ್ಮೂರಲ್ಲಿ ಸಿಗುತ್ತದಾ?" ಎಂದು ಕೇಳಿ. ಈ ಎರಡಕ್ಕೂ ಸರಿಯಾದ ಉತ್ತರ ಬಂದರೆ ಮಾತ್ರ ಪರ್ಸು ತೆಗೆಯಿರಿ.